ಒಂದು ಗಜ ಬಂಡೆ, ಅರವತ್ತು ವರ್ಷ

ಕೆಲವು ಸಂಶೋಧನಾ ಪ್ರಬಂಧಗಳು ಓದಿ ಬದಿಗಿಟ್ಟ ಮೇಲೂ ತಲೆಯಿಂದ ಇಳಿಯುವುದಿಲ್ಲ. 1995ರ ಫೆಬ್ರವರಿಯಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಬಂದ ನಾಲ್ಕು ಪುಟದ ಪ್ರಬಂಧವೊಂದು ನನ್ನ ಪಾಲಿಗೆ ಅಂಥದ್ದು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ದಡದ ಪೆಸಿಫಿಕ್ ಗ್ರೋವ್ ಎಂಬ ಊರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಪ್ಕಿನ್ಸ್ ಸಾಗರ ಕೇಂದ್ರವಿದೆ, 1892ರಲ್ಲಿ ಶುರುವಾದದ್ದು. ಅದರ ಮುಂದಿನ ಬಂಡೆಗಳ ಮೇಲೆ 1931ರಿಂದ 1933ರವರೆಗೆ ವಿಲ್ಲಿಸ್ ಹೆವಾಟ್ ಎಂಬ ಸಂಶೋಧನಾ ವಿದ್ಯಾರ್ಥಿ ದಡದಿಂದ ನೀರಿನ ಕಡೆಗೆ ಒಂದು ಗಜ ಅಗಲ, 108 ಗಜ ಉದ್ದದ ಪಟ್ಟಿ ಹಾಕಿಕೊಂಡರು. ಅದನ್ನು ಚದರ ಗಜಗಳಾಗಿ ವಿಂಗಡಿಸಿ, ಯಾವ ಚೌಕದಲ್ಲಿ ಯಾವ ಪ್ರಾಣಿ ಎಷ್ಟಿದೆ ಎಂದು ಎಣಿಸಿ ಬರೆದಿಟ್ಟರು. ಪಟ್ಟಿ ಎಲ್ಲಿತ್ತು ಎಂಬುದರ ಗುರುತಿಗೆ ಗ್ರಾನೈಟಿಗೆ ಹಿತ್ತಾಳೆಯ ಬೋಲ್ಟುಗಳನ್ನು ಕೂರಿಸಿದರು. ಅರವತ್ತು ವರ್ಷದ ಮೇಲೆ, ಇನ್ನೂ ಪದವಿ ಓದುತ್ತಿದ್ದ ರಾಫ್ ಸಾಗರಿನ್ ಮತ್ತು ಸಾರಾ ಗಿಲ್ಮನ್ ತಮ್ಮ ಹಿರಿಯರಾದ ಚಾರ್ಲ್ಸ್ ಬ್ಯಾಕ್ಸ್‌ಟರ್, ಜೇಮ್ಸ್ ಬ್ಯಾರಿ ಅವರ ಜೊತೆ ಆ ಬೋಲ್ಟುಗಳನ್ನು ಹುಡುಕಿ ಹಿಡಿದು, 1993-94ರಲ್ಲಿ ಅದೇ ಜಾಗದ ಚೌಕಗಳಲ್ಲಿ ಮತ್ತೆ ಎಣಿಸಿದರು. ದಕ್ಷಿಣದ ಬೆಚ್ಚಗಿನ ನೀರಿಗೆ ಒಗ್ಗಿದ ಒಂಬತ್ತು ಪ್ರಭೇದಗಳಲ್ಲಿ ಎಂಟು ಹೆಚ್ಚಾಗಿದ್ದವು. ಉತ್ತರದ ತಣ್ಣೀರಿನ ಎಂಟರಲ್ಲಿ ಐದು ಕಡಿಮೆಯಾಗಿದ್ದವು. ಎರಡೂ ಕಡೆ ಬದುಕಬಲ್ಲವುಗಳಲ್ಲಿ ಅಂಥ ಒಲವು ಯಾವ ದಿಕ್ಕಿಗೂ ಕಾಣಲಿಲ್ಲ.

ಈ ಮೂರನೆಯ ವಾಕ್ಯವೇ ಪ್ರಬಂಧದ ಜೀವ. ಪ್ರಾಣಿಗಳ ಸಂಖ್ಯೆ ಬದಲಾಗುವುದು ಸುದ್ದಿಯೇ ಅಲ್ಲ. ಕಡಲ ದಡದಲ್ಲಿ ಎಲ್ಲವೂ ಬದಲಾಗುತ್ತಲೇ ಇರುತ್ತದೆ. ಕಾರಣ ಮಾಲಿನ್ಯವಾಗಿದ್ದರೆ, ಜನರ ತುಳಿತವಾಗಿದ್ದರೆ, ಎಣಿಸಿದವರ ಕಣ್ಣಿನ ವ್ಯತ್ಯಾಸವಾಗಿದ್ದರೆ ದಕ್ಷಿಣದವು ಏರಿ ಉತ್ತರದವು ಇಳಿಯಬೇಕೆಂಬ ನಿಯಮವಿರಲಿಲ್ಲ. ನೀರು ಬೆಚ್ಚಗಾಗಿದ್ದರೆ ಮಾತ್ರ ಹಾಗಾಗಬೇಕು. ನೀರು ಬೆಚ್ಚಗಾಗಿದೆಯೇ ಎಂಬುದಕ್ಕೂ ಅಲ್ಲೇ ಉತ್ತರವಿತ್ತು: ಹಾಪ್ಕಿನ್ಸ್ ಕೇಂದ್ರದಲ್ಲಿ 1919ರಿಂದ ದಡದ ನೀರಿನ ಉಷ್ಣತೆಯನ್ನು ದಿನವೂ ಅಳೆದು ಬರೆದಿಡುತ್ತ ಬಂದಿದ್ದರು. ಅರವತ್ತು ವರ್ಷದಲ್ಲಿ ವಾರ್ಷಿಕ ಸರಾಸರಿ 0.75 ಡಿಗ್ರಿ ಸೆಲ್ಸಿಯಸ್ ಏರಿತ್ತು. ಬೇಸಿಗೆಯ ಗರಿಷ್ಠ ಉಷ್ಣತೆಯ ಸರಾಸರಿಯಂತೂ 1921-31ರ ದಶಕಕ್ಕಿಂತ 1983-93ರಲ್ಲಿ 2.2 ಡಿಗ್ರಿ ಹೆಚ್ಚಿತ್ತು. ಹವಾಮಾನ ಬದಲಾವಣೆ ಜೀವಿಗಳ ನೆಲೆಯನ್ನೇ ಸರಿಸುತ್ತಿದೆ ಎಂದು ಹೊರಗಿನ ದಡವೊಂದರಲ್ಲಿ ಎಣಿಸಿ ತೋರಿಸಿದ ಮೊದಮೊದಲ ಪುರಾವೆಗಳಲ್ಲಿ ಇದೂ ಒಂದು. ಅದನ್ನು ಒದಗಿಸಲು ಹಡಗು, ಮುಳುಗು ಸಾಧನ, ಉಪಗ್ರಹ ಯಾವುದೂ ಬೇಕಾಗಲಿಲ್ಲ. ಒಂದು ಚೌಕಟ್ಟು, ಒಂದು ಪೆನ್ಸಿಲ್, ಪ್ರಾಣಿಗಳನ್ನು ಗುರುತಿಸುವ ಅಭ್ಯಾಸ, ಹಳೆಯದೊಂದು ದಾಖಲೆ; ಅಷ್ಟೇ.

ನಮ್ಮಲ್ಲಿ ಜೀವಶಾಸ್ತ್ರ ಪದವಿಯ ಪ್ರಾಜೆಕ್ಟ್ ಎಂದಕೂಡಲೇ ನಡೆಯುವುದು ಬೇರೆ. ಮೊದಲು ‘ವಿಷಯ’ ಹುಡುಕುತ್ತಾರೆ. ಪ್ರಶ್ನೆ ಹುಡುಕುವವರು ಕಡಿಮೆ. ಹೀಗಾಗಿ ಇಂಥ ಅಳಿವೆಯ ಮೃದ್ವಂಗಿಗಳ ವೈವಿಧ್ಯ, ಇಂಥ ಬೀಚಿನ ಏಡಿಗಳ ವೈವಿಧ್ಯ ಎಂಬ ಶೀರ್ಷಿಕೆಗಳೇ ವರ್ಷವರ್ಷವೂ ಮರಳಿ ಬರುತ್ತವೆ. ಮೂರು ನಾಲ್ಕು ಬಾರಿ ದಡಕ್ಕೆ ಹೋಗಿ ಸಿಕ್ಕಿದ್ದನ್ನು ಪಟ್ಟಿ ಮಾಡಿ, ವೈವಿಧ್ಯ ಅಳೆಯುವ ಶಾನನ್ ಸೂಚ್ಯಂಕವನ್ನು ಎರಡು ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿ, ಬೈಂಡ್ ಮಾಡಿಸಿ ಒಪ್ಪಿಸಿದರೆ ಕೆಲಸ ಮುಗಿಯಿತು. ನನ್ನ ತಕರಾರು ಇಲ್ಲಿದೆ: ನಾಲ್ಕು ತಿಂಗಳಲ್ಲಿ ಹೊಸಬರೊಬ್ಬರು ಮಾಡಿದ ಪಟ್ಟಿ ಕಡಲಿಗಿಂತ ಹೆಚ್ಚಾಗಿ ಅವರ ಕಣ್ಣಿನ ಪಳಗುವಿಕೆಯನ್ನೇ ದಾಖಲಿಸುತ್ತದೆ. ಮೊದಲ ಸಲ ಹನ್ನೆರಡು, ಕೊನೆಯ ಸಲ ಇಪ್ಪತ್ತು ಪ್ರಭೇದ ಸಿಕ್ಕಿದರೆ ವೈವಿಧ್ಯ ಹೆಚ್ಚಿತೋ, ವಿದ್ಯಾರ್ಥಿಗೆ ನೋಡುವುದು ಬಂತೋ ಎಂದು ಹೇಳುವ ದಾರಿಯೇ ಇಲ್ಲ. ಹೆವಾಟ್ ಮಾಡಿದ್ದೂ ವಿವರಣೆಯ ಕೆಲಸವೇ ಅಲ್ಲವೇ, ಅವರೂ ಏನಿದೆಯೋ ಅದನ್ನೇ ಬರೆದರಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವ್ಯತ್ಯಾಸವಿರುವುದು ‘ಎಲ್ಲಿ’ ಎಂಬುದರಲ್ಲಿ. ಬರಿಯ ಪಟ್ಟಿ ‘ಈ ಬೀಚಿನಲ್ಲಿ ಇವು ಇವೆ’ ಎನ್ನುತ್ತದೆ. ಹೆವಾಟರ ದಾಖಲೆ ‘ಈ ಗಜದಲ್ಲಿ ಇವು ಇಷ್ಟಿವೆ’ ಎಂದಿತು. ಮೊದಲನೆಯದನ್ನು ಯಾರೂ ಸುಳ್ಳೆಂದು ತೋರಿಸಲಾರರು; ಎರಡನೆಯದನ್ನು ಯಾರು ಬೇಕಾದರೂ ಹೋಗಿ ಪರೀಕ್ಷಿಸಬಹುದು. ಪದವಿ ವಿದ್ಯಾರ್ಥಿಯ ಪ್ರಾಜೆಕ್ಟನ್ನು ಅಳೆಯಲು ಇದೊಂದು ಅಳತೆಗೋಲು ಸಾಕು ಎಂಬುದು ನನ್ನ ವಾದ: ಇನ್ನೊಬ್ಬರು ಅದೇ ಜಾಗಕ್ಕೆ ಹೋಗಿ, ಅದೇ ರೀತಿ ಅಳೆದು, ‘ನೀವು ಹೇಳಿದ್ದು ಸರಿ’ ಅಥವಾ ‘ತಪ್ಪು’ ಎನ್ನಲು ಸಾಧ್ಯವಿದೆಯೇ?

ಹಾಗೆ ಯೋಜಿಸಲು ಹೊರಟರೆ ಮೊದಲ ಮಿತಿ ಹಾಕುವುದು ಹಣವಲ್ಲ, ಭರತ-ಇಳಿತ. ದಡದ ಬಂಡೆಯ ಕೆಳಭಾಗ ಬಿಡುಗಡೆಯಾಗುವುದು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತಗಳಲ್ಲಿ ಮಾತ್ರ. ಅಷ್ಟಮಿಯ ಹೊತ್ತಿಗೆ ನೀರು ಅಷ್ಟು ಕೆಳಗೆ ಹೋಗುವುದೇ ಇಲ್ಲ. ಹದಿನಾರು ವಾರದ ಒಂದು ಸೆಮಿಸ್ಟರಿನಲ್ಲಿ ಇಂಥ ಸಂದರ್ಭಗಳು ಏಳೋ ಎಂಟೋ ಬರುತ್ತವೆ. ಪ್ರತಿ ಸಲ ಕೆಲಸಕ್ಕೆ ಬರುವ ದಿನಗಳು ಎರಡು ಮೂರು. ದಿನಕ್ಕೆ ತಳದ ಬಂಡೆಯ ಮೇಲೆ ನಿಶ್ಚಿಂತೆಯಿಂದ ಕೂತು ಎಣಿಸಲು ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಕೆಲವು ಕತ್ತಲಿಗೆ ಬೀಳುತ್ತವೆ, ಕೆಲವು ಪರೀಕ್ಷೆಯ ದಿನವೇ ಬರುತ್ತವೆ. ಅವನ್ನೆಲ್ಲ ಕಳೆದರೆ ಇಡೀ ಪ್ರಾಜೆಕ್ಟಿಗೆ ಉಳಿಯುವುದು ಇಪ್ಪತ್ತು ಇಪ್ಪತ್ತೈದು ಗಂಟೆ. ಪ್ರಶ್ನೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಈ ಗಂಟೆಗಳೇ ತೀರ್ಮಾನಿಸಬೇಕು. ಸರ್ವೆ ಆಫ್ ಇಂಡಿಯಾ ವರ್ಷವೂ ಭರತ-ಇಳಿತದ ಕೋಷ್ಟಕ ಪ್ರಕಟಿಸುತ್ತದೆ. ಪ್ರಾಜೆಕ್ಟಿನ ಶೀರ್ಷಿಕೆ ಬರೆಯುವ ಮೊದಲೇ ಆ ಕೋಷ್ಟಕವನ್ನೂ ಕಾಲೇಜಿನ ವೇಳಾಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಗುರುತು ಹಾಕಿಕೊಳ್ಳದ ಮಾರ್ಗದರ್ಶಕರು ವಿದ್ಯಾರ್ಥಿಗೆ ಅನ್ಯಾಯ ಮಾಡುತ್ತಾರೆ ಎಂದೇ ಹೇಳುತ್ತೇನೆ.

ಇಷ್ಟು ಕಡಿಮೆ ಹೊತ್ತಿಗೆ ತಕ್ಕ ಪ್ರಾಣಿ ಯಾವುದು? ಓಡದ್ದು, ಅಡಗದ್ದು, ಎಣಿಸಿದಲ್ಲೇ ಮುಂದಿನ ಸಲವೂ ಇರುವಂಥದ್ದು. ಬಾರ್ನಕಲ್ ಬಗ್ಗೆ ನನಗಿರುವ ಪಕ್ಷಪಾತವನ್ನು ಇಲ್ಲಿ ಮುಚ್ಚಿಡುವುದಿಲ್ಲ. ದಡದ ಬಂಡೆಯ ಮೇಲೆ ಕಾಲಿಟ್ಟವರಿಗೆ ಅಂಗಾಲು ಕೊರೆಯುವ ಬಿಳಿ ಬೂದು ಗುಬುಟುಗಳಾಗಿ ಇವು ಪರಿಚಿತ. ಇಳಿತದಲ್ಲಿ ಬಗ್ಗಿ ನೋಡಿದರೆ ಬಾಗಿಲು ಮುಚ್ಚಿಕೊಂಡ ಸುಣ್ಣದ ಗೂಡು. ನಡುವಿನ ಸಣ್ಣ ಫಲಕಗಳ ನಡುವೆ ಒಂದು ಗೀರು, ಅಷ್ಟೇ. ನೀರು ಮೇಲೆ ಬಂದೊಡನೆ ಆ ಗೀರು ತೆರೆದು ಕೂದಲಂಥ ಕಾಲುಗಳ ಗೊಂಚಲು ಹೊರಬಂದು ನೀರನ್ನು ಬಾಚಿ ಒಳಗೆಳೆದುಕೊಳ್ಳುತ್ತದೆ, ಮತ್ತೆ ಚಾಚುತ್ತದೆ. ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಕಾಲಿನಿಂದ ಊಟ ಮಾಡುವ ಈ ಜೀವಿ ಸಿಗಡಿ, ಏಡಿಗಳ ಬಂಧು. ಚಿಪ್ಪು ನೋಡಿ ಮೋಸಹೋದ ಪಂಡಿತರು ಇದನ್ನು ಬಹುಕಾಲ ಮೃದ್ವಂಗಿಗಳ ಸಾಲಿಗೇ ಸೇರಿಸಿದ್ದರು. ಐರ್ಲೆಂಡಿನ ಕಾರ್ಕ್‌ನಲ್ಲಿ ಜಾನ್ ವಾನ್ ಥಾಂಪ್ಸನ್ ಇದರ ಮರಿಗಳನ್ನು ಬೆಳೆಸಿ ನೋಡಿ 1830ರಲ್ಲಿ ಅದನ್ನು ಸರಿಪಡಿಸಿದರು. ಡಾರ್ವಿನ್ 1846ರಿಂದ ಎಂಟು ವರ್ಷ ಇವುಗಳ ಮೇಲೆ ಕಳೆದರು. ನಮ್ಮ ಬಂದರುಗಳಲ್ಲಿ ದೋಣಿಯ ತಳಕ್ಕೂ ಜೆಟ್ಟಿಯ ಕಂಬಕ್ಕೂ ಅಂಟುವ ಬಲಾನಸ್ ಆಂಫಿಟ್ರೈಟ್ ಪ್ರಭೇದಕ್ಕೆ 1854ರಲ್ಲಿ ಆ ಹೆಸರಿಟ್ಟವರೂ ಅವರೇ. ಇನ್ನೂ ಸೋಜಿಗದ್ದು ಮರಿಯ ಕೊನೆಯ ಹಂತ. ನೀರಿನಲ್ಲಿ ತೇಲಾಡಿ ಆರು ಸಲ ರೂಪ ಬದಲಿಸಿದ ಮೇಲೆ ಬರುವ ಸಿಪ್ರಿಡ್ ಎಂಬ ಆ ಮರಿ ಏನನ್ನೂ ತಿನ್ನುವುದಿಲ್ಲ. ಅದರ ಬಾಳಿನ ಕೆಲಸ ಒಂದೇ, ಜಾಗ ಆರಿಸುವುದು. ಮೀಸೆಗಳ ಮೇಲೆ ಹೆಜ್ಜೆಯಿಡುತ್ತ ಬಂಡೆಯನ್ನು ತಡವಿ ನೋಡುತ್ತದೆ, ತನ್ನ ಜಾತಿಯವರ ವಾಸನೆ ಹಿಡಿಯುತ್ತದೆ, ಹಿಡಿಸದಿದ್ದರೆ ಬಿಟ್ಟು ಈಜುತ್ತದೆ, ಹಿಡಿಸಿದರೆ ಅಂಟು ಸ್ರವಿಸಿ ಅಲ್ಲೇ ನೆಲೆಗೊಳ್ಳುತ್ತದೆ. ಆಮೇಲೆ ಸಾಯುವವರೆಗೆ ಕದಲುವಂತಿಲ್ಲ. ಆದ್ದರಿಂದಲೇ ಬಂಡೆಯ ಮೇಲಿನ ಪ್ರತಿಯೊಂದು ಬಾರ್ನಕಲ್ ಎರಡು ಸಂಗತಿಗಳ ದಾಖಲೆ: ಮರಿ ಎಲ್ಲಿ ಕೂರಲು ಒಪ್ಪಿತು, ಕೂತವುಗಳಲ್ಲಿ ಯಾವುದು ಉಳಿಯಿತು.

ಈ ಎರಡನ್ನು ಬೇರ್ಪಡಿಸಿ ತೋರಿಸಿದ್ದು ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್. ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದ ಮಿಲ್‌ಪೋರ್ಟ್ ದಡದಲ್ಲಿ ಬಂಡೆಯ ಮೇಲುಪಟ್ಟಿಯಲ್ಲಿ ಥಮಾಲಸ್, ಕೆಳಪಟ್ಟಿಯಲ್ಲಿ ಬಲಾನಸ್ ಎಂಬ ಎರಡು ಬಗೆಯ ಬಾರ್ನಕಲ್‌ಗಳು ಗೆರೆ ಎಳೆದಂತೆ ಬೇರೆಬೇರೆ ಇದ್ದವು. ಥಮಾಲಸ್ ಕೆಳಗೆ ಬದುಕಲಾರದೋ, ಬದುಕಲು ಬಿಡುವವರಿಲ್ಲವೋ? ಕಾನೆಲ್ ಥಮಾಲಸ್ ಇದ್ದ ಕಲ್ಲುಗಳನ್ನು ಮೇಲಿನಿಂದ ಕೆಳಗೆ ತಂದು ಬಿಗಿದರು. ಪ್ರತಿ ತುಂಡಿನ ಅರ್ಧಭಾಗದಲ್ಲಿ ಬಲಾನಸ್‌ಗಳನ್ನು ಕಿತ್ತು ಹಾಕಿದರು, ಇನ್ನರ್ಧವನ್ನು ಇದ್ದ ಹಾಗೆ ಬಿಟ್ಟರು. ಒಂದೊಂದು ಬಾರ್ನಕಲ್‌ನ ಜಾಗವನ್ನೂ ನಕ್ಷೆ ಮಾಡಿ ಮತ್ತೆಮತ್ತೆ ಹೋಗಿ ನೋಡಿದರು. ಬಲಾನಸ್ ಇಲ್ಲದ ಅರ್ಧದಲ್ಲಿ ಥಮಾಲಸ್ ಕೆಳಗೂ ಚೆನ್ನಾಗಿಯೇ ಉಳಿಯಿತು. ಇದ್ದ ಅರ್ಧದಲ್ಲಿ ಬೇಗ ಬೆಳೆಯುವ ಬಲಾನಸ್ ಅದರ ಮೇಲೆ ಹಬ್ಬಿತು, ಬುಡದಿಂದ ಎಬ್ಬಿತು, ಅದುಮಿ ಕೊಂದಿತು. 1961ರಲ್ಲಿ ಪ್ರಕಟವಾದ ಈ ಕೆಲಸ ಪರಿಸರ ವಿಜ್ಞಾನದ ಪಠ್ಯಗಳಲ್ಲಿ ಇಂದಿಗೂ ಇದೆ. ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣ ಆ ‘ಅರ್ಧ’. ಒಂದೇ ಕಲ್ಲು, ಒಂದೇ ಬಿಸಿಲು, ಒಂದೇ ಅಲೆ. ಬದಲಾದದ್ದು ಒಂದೇ ಸಂಗತಿ. ಹೋಲಿಕೆಗೆ ಜೋಡಿಯನ್ನು ಯೋಜನೆಯೊಳಗೇ ಕಟ್ಟಿದ್ದರಿಂದ ಉತ್ತರದ ಬಗ್ಗೆ ಜಗಳ ಉಳಿಯಲಿಲ್ಲ.

ಪದವಿ ವಿದ್ಯಾರ್ಥಿಗೆ ಪ್ರಭೇದಗಳನ್ನು ಸರಿಯಾಗಿ ಗುರುತಿಸಲು ಬರುವುದಿಲ್ಲ, ಹಾಗಾಗಿ ಎಣಿಕೆಯೇ ನಂಬಲರ್ಹವಲ್ಲ ಎಂಬ ಆಕ್ಷೇಪಕ್ಕೂ ಕಾನೆಲ್ ಕತೆಯಲ್ಲೇ ಉತ್ತರವಿದೆ. ಅವರು ಒಂದು ಪ್ರಭೇದವೆಂದು ಹೆಸರಿಸಿದ ಥಮಾಲಸ್ ಒಂದಲ್ಲ, ಎರಡು ಎಂದು 1976ರಲ್ಲಿ ಆಲನ್ ಸೌತ್‌ವರ್ಡ್ ತೋರಿಸಿಕೊಟ್ಟರು. ಹೆಸರು ಬದಲಾಯಿತು, ಬಲಾನಸ್ ಎಂಬ ಕುಲನಾಮವೂ ಆ ಪ್ರಭೇದಕ್ಕೆ ಉಳಿಯಲಿಲ್ಲ. ಪ್ರಯೋಗದ ತೀರ್ಮಾನ ಮಾತ್ರ ನಿಂತಿತು. ಗುರುತಿಸುವಿಕೆ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರತಿ ಬಗೆಯ ಒಂದೆರಡು ಮಾದರಿಯನ್ನು ಆಲ್ಕೋಹಾಲಿನಲ್ಲಿಟ್ಟು, ಫೋಟೊ ತೆಗೆದು, ಬಲ್ಲವರಿಗೆ ತೋರಿಸಲೇಬೇಕು. ಹತ್ತು ವರ್ಷದ ನಂತರ ಹೆಸರು ತಿದ್ದಬೇಕಾಗಿ ಬಂದರೆ ತಿದ್ದಲು ವಸ್ತು ಕೈಯಲ್ಲಿರಬೇಕು. ಆದರೆ ನಲವತ್ತು ಪ್ರಭೇದಗಳನ್ನು ಅರೆಬರೆ ಗುರುತಿಸುವ ಯೋಜನೆಗಿಂತ ಎರಡನ್ನು ಖಚಿತವಾಗಿ ಬೇರ್ಪಡಿಸುವ ಯೋಜನೆ ಗಟ್ಟಿ. ಭಾರತದ ಬಂಡೆಗಳ ಮೇಲೂ ಥಮಾಲಸ್ ಕುಲದ ಬಾರ್ನಕಲ್‌ಗಳಿವೆ. ಕಾರವಾರದಲ್ಲೋ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಂಥ ಕಡೆಯೋ ಅವುಗಳ ಪಟ್ಟಿಯ ಕೆಳ ಅಂಚನ್ನು ಯಾವುದು ತಡೆಯುತ್ತದೆ, ಪಚ್ಚಿಲೆಯೇ, ಕೊರೆದು ತಿನ್ನುವ ಶಂಖದ ಹುಳುವೇ, ಪಾಚಿಯೇ ಎಂದು ಕೇಳಿದರೆ ಅದು ಸ್ಕಾಟ್ಲೆಂಡಿನ ನಕಲಾಗುವುದಿಲ್ಲ. ಅಲ್ಲಿಯ ತಣ್ಣನೆಯ ದಡದಲ್ಲಿ ಸಿಕ್ಕಿದ ಉತ್ತರ ಏಪ್ರಿಲಿನಲ್ಲಿ ಕಾದು ಜೂನಿನಲ್ಲಿ ಮಳೆನೀರಿನಿಂದ ತೊಳೆಯುವ ನಮ್ಮ ಬಂಡೆಗೂ ಹೊಂದುತ್ತದೆಂದು ಭಾವಿಸಲು ಯಾವ ಆಧಾರವೂ ಇಲ್ಲ.

ಯೋಜನೆ ಕೆಡುವುದು ಹೆಚ್ಚಾಗಿ ಎಣಿಕೆಯ ಸಂಖ್ಯೆಯಲ್ಲಿ. ಒಂದು ಬಂಡೆಯ ಮೇಲೆ ಇಪ್ಪತ್ತು ಸಲ ಚೌಕಟ್ಟು ಇಟ್ಟು, ದೂರದ ಇನ್ನೊಂದರ ಮೇಲೆ ಇಪ್ಪತ್ತು ಸಲ ಇಟ್ಟು, ನಲವತ್ತು ಮಾದರಿಗಳಿವೆ ಎಂದು ಪರೀಕ್ಷೆ ಹಚ್ಚಿದರೆ ಕಾಗದದ ಮೇಲೆ ಅದು ಭರ್ಜರಿಯಾಗಿ ಕಾಣುತ್ತದೆ. ನಿಜದಲ್ಲಿ ಅಲ್ಲಿರುವುದು ಎರಡೇ ಬಂಡೆ. ಅಲೆಯ ಹೊಡೆತಕ್ಕೆ ಒಡ್ಡಿದ ಬಂಡೆಗೂ ಮರೆಯ ಬಂಡೆಗೂ ವ್ಯತ್ಯಾಸವಿದೆ ಎನ್ನಬೇಕಾದರೆ ಒಡ್ಡಿದ ಬಂಡೆಗಳೂ ಹಲವು ಬೇಕು, ಮರೆಯವೂ ಹಲವು ಬೇಕು. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ 176 ಪ್ರಾಯೋಗಿಕ ಅಧ್ಯಯನಗಳನ್ನು ಜಾಲಾಡಿ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸಿದವುಗಳಲ್ಲಿ ಶೇ 48ರಷ್ಟು ಇದೇ ದೋಷಕ್ಕೆ ಸಿಕ್ಕಿವೆ ಎಂದು ತೋರಿಸಿದರು. ನುರಿತವರೇ ಎಡವಿದ ಜಾಗವಿದು. ವಿದ್ಯಾರ್ಥಿಯ ಇಪ್ಪತ್ತೈದು ಗಂಟೆಗಳನ್ನು ಒಂದೇ ಬಂಡೆಯ ಇಪ್ಪತ್ತು ಚೌಕಗಳಿಗೆ ಸುರಿಯುವ ಬದಲು ಹತ್ತು ಬಂಡೆಗಳ ಎರಡೆರಡು ಚೌಕಗಳಿಗೆ ಹಂಚಿದರೆ ಅದೇ ಶ್ರಮಕ್ಕೆ ಹತ್ತುಪಟ್ಟು ಬೆಲೆ. ಇದನ್ನು ಮೊದಲ ದಿನವೇ ನಿರ್ಧರಿಸಬೇಕು, ಮಾಹಿತಿ ಕೂಡಿಹಾಕಿದ ಮೇಲೆ ಸಂಖ್ಯಾಶಾಸ್ತ್ರದ ಮೇಷ್ಟರ ಹತ್ತಿರ ಓಡುವುದರಿಂದ ಪ್ರಯೋಜನವಿಲ್ಲ.

ಇಷ್ಟೆಲ್ಲ ಶ್ರಮ ಬಾರ್ನಕಲ್‌ಗಾಗಿಯೇ, ಕಡಲು ಪ್ಲಾಸ್ಟಿಕ್ಕಿನಿಂದ ತುಂಬುತ್ತಿರುವಾಗ, ಮೀನುಗಾರರ ಬಲೆ ಬರಿದಾಗುತ್ತಿರುವಾಗ, ಎಂದು ಕೇಳುವವರ ಕಾಳಜಿ ನಿಜವಾದದ್ದು. ಆದರೆ ವಿಷಯದ ತುರ್ತು ವಿಧಾನದ ಕೊರತೆಯನ್ನು ತುಂಬಿಕೊಡಲಾರದು. 2004ರಲ್ಲಿ ರಿಚರ್ಡ್ ಥಾಂಪ್ಸನ್ ತಂಡದ ಪ್ರಬಂಧ ಬಂದ ಮೇಲೆ ಮೈಕ್ರೊಪ್ಲಾಸ್ಟಿಕ್ ಎಂಬ ಮಾತು ಮನೆಮಾತಾಯಿತು, ಕಾಲೇಜು ಪ್ರಾಜೆಕ್ಟುಗಳಿಗೂ ಇಳಿಯಿತು. ಮೀನಿನ ಕರುಳಲ್ಲಿ ಸಿಕ್ಕ ಎಳೆ ಕಡಲಿನದೋ, ಕತ್ತರಿಸಿದವರ ಪಾಲಿಯೆಸ್ಟರ್ ಅಂಗಿಯದೋ ಎಂದು ತಿಳಿಯಲು ಪ್ರತಿ ಹಂತದಲ್ಲೂ ಮೀನಿಲ್ಲದ ಖಾಲಿ ಮಾದರಿಯೊಂದನ್ನು ಜೊತೆಗೆ ಸಾಗಿಸಬೇಕು, ಎಳೆ ಪ್ಲಾಸ್ಟಿಕ್ಕೇ ಹೌದೆಂದು ಉಪಕರಣದಲ್ಲಿ ಖಚಿತಪಡಿಸಿಕೊಳ್ಳಬೇಕು. ಆ ಅನುಕೂಲವಿಲ್ಲದ ಕಡೆ ಬಂದ ಸಂಖ್ಯೆ ಪತ್ರಿಕೆಗಳಿಗೆ ಸುದ್ದಿಯಾಗಬಹುದು, ತಿಳಿವಳಿಕೆಗೆ ಏನನ್ನೂ ಸೇರಿಸುವುದಿಲ್ಲ. ಬಾರ್ನಕಲ್ ಏನೂ ಕೆಲಸಕ್ಕೆ ಬಾರದ ಜೀವಿಯೂ ಅಲ್ಲ. ದೋಣಿಯ ತಳಕ್ಕೆ ಅದು ಹಿಡಿದರೆ ಡೀಸೆಲ್ ಖರ್ಚು ಏರುತ್ತದೆಂದು ಯಾವ ತಾಂಡೇಲನನ್ನು ಕೇಳಿದರೂ ಹೇಳುತ್ತಾನೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಅದರ ಮರಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿರುವುದು ಸುಮ್ಮನೆ ಅಲ್ಲ. ಇನ್ನು ಆಕರ್ಷಣೆಯ ಮಾತಾದರೆ, ನೇತ್ರಾಣಿ ದ್ವೀಪದ ಹವಳದ ಕನಸು ಕಾಣುವವರು ಮೊದಲು ಕಾನೂನು ಓದಬೇಕು: ಗಟ್ಟಿ ಹವಳ, ಕಡಲ ಸೌತೆ, ಕಡಲ ಕುದುರೆ ಇವೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಅನುಮತಿಯಿಲ್ಲದೆ ಒಂದು ತುಂಡು ತಂದರೂ ಅಪರಾಧ. ಅನುಮತಿಗೆ ಕಾಯುವಷ್ಟರಲ್ಲಿ ಸೆಮಿಸ್ಟರ್ ಮುಗಿದುಹೋಗುತ್ತದೆ.

ಸಾಗರಿನ್ ಮತ್ತು ಗಿಲ್ಮನ್‌ಗೆ ಹೆವಾಟ್ ಇದ್ದರು, ನಮಗೆ ಯಾರಿದ್ದಾರೆ ಎಂಬುದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಪದವಿ ಕಾಲೇಜುಗಳ ಕೈಯಲ್ಲಿರುವ ಒಂದು ಅನುಕೂಲವನ್ನು ಈ ಮಾತು ಮರೆಸುತ್ತದೆ. ಪಿಎಚ್.ಡಿ. ವಿದ್ಯಾರ್ಥಿ ನಾಲ್ಕೈದು ವರ್ಷಕ್ಕೆ ಹೊರಟುಹೋಗುತ್ತಾರೆ, ಅನುದಾನದ ಯೋಜನೆ ಮೂರು ವರ್ಷಕ್ಕೆ ಮುಗಿಯುತ್ತದೆ. ಪದವಿ ತರಗತಿ ಮಾತ್ರ ವರ್ಷವರ್ಷವೂ ಹೊಸದಾಗಿ ಬರುತ್ತದೆ. ಒಂದೇ ಹತ್ತು ಬಂಡೆಗಳ ಅವೇ ಚೌಕಗಳನ್ನು ಪ್ರತಿ ತಂಡವೂ ಎಣಿಸಿ, ಅದರ ಮೇಲೆ ತನ್ನದೇ ಒಂದು ಹೊಸ ಪ್ರಶ್ನೆಯನ್ನು ಹೂಡುವ ಹಾಗೆ ಕಾಲೇಜೊಂದು ಏರ್ಪಾಡು ಮಾಡಿದರೆ, ಹತ್ತು ವರ್ಷದಲ್ಲಿ ಅದರ ಬಳಿ ಯಾವ ದೊಡ್ಡ ಸಂಸ್ಥೆಯಲ್ಲೂ ಸುಲಭವಾಗಿ ಸಿಗದ ಸರಣಿ ಇರುತ್ತದೆ. ಕಾನೆಲ್ ಕೂಡ ಮುಂದೆ ಆಸ್ಟ್ರೇಲಿಯದ ಹೆರಾನ್ ದ್ವೀಪದಲ್ಲಿ ಗೊತ್ತುಮಾಡಿಕೊಂಡ ಚೌಕಗಳಿಗೆ 1960ರ ದಶಕದ ಆರಂಭದಿಂದ ಮೂವತ್ತು ವರ್ಷ ಮರಳಿ ಹೋಗಿಯೇ ಹವಳದ ಏಳುಬೀಳುಗಳನ್ನು ಅರಿತದ್ದು. ಸಮುದ್ರವಿಲ್ಲದ ಬಳ್ಳಾರಿ, ಕಲಬುರಗಿಯ ವಿದ್ಯಾರ್ಥಿಗೂ ದಾರಿ ಮುಚ್ಚಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮೀನು ಇಳಿಕೆಯ ಅಂಕಿಅಂಶಗಳಿವೆ, ಮಾರುಕಟ್ಟೆಗೆ ಬರುವ ಬಂಗುಡೆ, ಭೂತಾಯಿಯ ಉದ್ದ ತೂಕಗಳಿವೆ. ಮೀನಿನ ಕಿವಿಕಲ್ಲು ಸೂಕ್ಷ್ಮದರ್ಶಕದಡಿ ಅದರ ವಯಸ್ಸನ್ನು ಹೇಳುತ್ತದೆ.

ನಿಜವಾದ ಅಡ್ಡಿ ಬೇರೆ ಕಡೆ ಇದೆ, ಅದನ್ನು ವಿದ್ಯಾರ್ಥಿ ಒಬ್ಬರೇ ನಿವಾರಿಸಲಾರರು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದು ನಾಲ್ಕನೆಯ ವರ್ಷದ ಸಂಶೋಧನೆಯ ಮಾತಾಡಿತು; 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವ ಪದ್ಧತಿಯಲ್ಲೂ ಪ್ರಾಜೆಕ್ಟ್ ಕೊನೆಯ ಸೆಮಿಸ್ಟರಿಗೆ, ಅಂದರೆ ಹೆಚ್ಚುಕಡಿಮೆ ಮಳೆಗಾಲಕ್ಕೆ ಮೊದಲಿನ ಒಣ ತಿಂಗಳುಗಳಿಗೆ ಅಂಟಿಕೊಳ್ಳುತ್ತದೆ. ನಮ್ಮ ಕರಾವಳಿಯ ವರ್ಷವನ್ನು ಎರಡು ಮಾಡುವ ಘಟನೆಯೇ ಮುಂಗಾರು. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಬೇಸಿಗೆಯ ಉಪ್ಪುನೀರು ಮಳೆಗಾಲದಲ್ಲಿ ಬಹುಪಾಲು ಸಿಹಿಯಾಗುತ್ತದೆ, ಬಳಚು ಆರಿಸುವವರ ದುಡಿಮೆಯ ಲಯವೇ ಅದಕ್ಕೆ ತಕ್ಕಂತೆ ಬದಲಾಗುತ್ತದೆ; ಬಂಡೆಗಳ ಮೇಲೆ ಪಚ್ಚಿಲೆಯ ಹೊಸ ಮರಿಗಳು ಹಿಡಿಯುವುದು ಮಳೆ ಹಿಂದೆ ಸರಿದ ಮೇಲೆ. ಇದನ್ನು ಬಿಟ್ಟು ಫೆಬ್ರವರಿಯಿಂದ ಮೇವರೆಗೆ ಎಣಿಸಿದರೆ ಕತೆಯ ನಡುವಿನ ಅಧ್ಯಾಯವನ್ನೇ ಹರಿದಂತೆ. ಪ್ರಾಜೆಕ್ಟನ್ನು ಐದನೆಯ ಸೆಮಿಸ್ಟರಿನ ಆರಂಭಕ್ಕೇ ತಂದು ಎರಡು ಸೆಮಿಸ್ಟರಿಗೆ ಹರಡಬೇಕೆಂದು ಮಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳನ್ನು ಒತ್ತಾಯಿಸಬೇಕಾದದ್ದು ಕರಾವಳಿಯ ಕಾಲೇಜುಗಳ ಅಧ್ಯಾಪಕರು. ಮಳೆಗಾಲದಲ್ಲಿ ವಿದ್ಯಾರ್ಥಿಗಳನ್ನು ಬಂಡೆಯ ಮೇಲೆ ಇಳಿಸುವುದು ಅಪಾಯವೆಂಬ ಮಾತು ಸರಿ; ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ದಡದಲ್ಲಿ ನಿಂತಿರುತ್ತವೆ. ಆ ತಿಂಗಳುಗಳಲ್ಲಿ ಬಂಡೆ ಬೇಡ, ಅಳಿವೆಯ ಒಳಗಿನ ಜೆಟ್ಟಿ ಸಾಕು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಹಂಚಿನ ತುಂಡುಗಳ ಮೇಲೆ ವಾರಕ್ಕೆಷ್ಟು ಬಾರ್ನಕಲ್ ಮರಿಗಳು ಕೂತವು ಎಂದು ಎಣಿಸಬಹುದು, ಬಾಟಲಿಯಲ್ಲಿ ನೀರು ಎತ್ತಿ ಅಂಗೈಯಗಲದ ರಿಫ್ರ್ಯಾಕ್ಟೊಮೀಟರಿನಲ್ಲಿ ಉಪ್ಪು ಅಳೆಯಬಹುದು. ಮರಿಗಳು ಯಾವ ಉಪ್ಪಿನ ಮಟ್ಟಕ್ಕೆ ಕೂರುವುದನ್ನು ನಿಲ್ಲಿಸುತ್ತವೆ, ಮಳೆ ಬಿಟ್ಟ ಎಷ್ಟು ವಾರಕ್ಕೆ ಮತ್ತೆ ಬರುತ್ತವೆ ಎಂಬುದು ಆರು ತಿಂಗಳ ಒಂದು ಪ್ರಾಜೆಕ್ಟಿಗೆ ಸರಿಯಾಗಿ ಹೊಂದುವ ಪ್ರಶ್ನೆ. ಕಾಳಿ, ಅಘನಾಶಿನಿ, ಶರಾವತಿ ಮೂರರ ಅಳಿವೆಯಲ್ಲೂ ಅದೇ ವಾರ ಅದೇ ಹಂಚು ಇಳಿಬಿಟ್ಟರೆ ಅಣೆಕಟ್ಟಿರುವ ನದಿಗೂ ಇಲ್ಲದ ನದಿಗೂ ಹೋಲಿಕೆ ಶುರುವಾಗುತ್ತದೆ. ಒಂದೊಂದು ಅಳಿವೆಯಲ್ಲಿ ಒಂದೇ ಜೆಟ್ಟಿಯನ್ನು ನೆಚ್ಚಿಕೊಳ್ಳದೆ ಮೂರು ನಾಲ್ಕು ಕಡೆ ಕಟ್ಟಬೇಕು. ಅದಕ್ಕೆ ಮೂರು ಕಾಲೇಜುಗಳು ಮೇ ತಿಂಗಳಲ್ಲೇ ಒಟ್ಟಿಗೆ ಕೂತು ಹಂಚಿನ ಅಳತೆಯನ್ನೂ ಇಳಿಬಿಡುವ ಆಳವನ್ನೂ ಗೊತ್ತುಮಾಡಿಕೊಳ್ಳಬೇಕು.